ಒಂದು ಗೋಣಿಚೀಲ, ಒಂದು ಟಾರ್ಚು

ನೀನು ಕಳಿಸಿದ ಹನ್ನೊಂದು ಫೋಟೋಗಳಲ್ಲಿ ಒಂದೂ ಗಾಡಿಯ ಅಡಿಯದ್ದಲ್ಲ, ನೋಡು. ಬಾನೆಟ್ಟಿನ ಮೇಲೆ ಫಳಫಳ ಬಿಸಿಲಿದೆ, ತಲೆಯ ಮೇಲೆ ಸಾಲಾಗಿ ಕೂರಿಸಿದ ಲೈಟುಗಳಿವೆ, ಟ್ರ್ಯಾಕ್ಟರಿಗೆ ಹಾಕಬಹುದಾದಂಥ ಟಯರುಗಳಿವೆ, ಸೀಟಿಗೆ ಹೊಸ ರೆಕ್ಸಿನ್ ಇದೆ. ಮಾರುವವನ ಮೊಬೈಲು ಎಲ್ಲಿಗೆ ಬಗ್ಗಲಿಲ್ಲವೋ ಅಲ್ಲಿಗೆ ನೀನು ಬಗ್ಗಬೇಕು. ‘ಹೇಗಿದೆ ಮಾವ, ತಗೊಳ್ಳಲಾ?’ ಅಂತ ಕೇಳಿದ್ದೀಯ. ನಿಮ್ಮಮ್ಮನಿಗೆ ಗೊತ್ತಾದರೆ ಬೈಗುಳ ನನಗೇ. ಮೂವತ್ತು ವರ್ಷದಿಂದ ಅವಳು ನನ್ನ ಗಾಡಿ ಹುಚ್ಚನ್ನು ಬೈಯುತ್ತಲೇ ಬಂದವಳು. ಈಗ ಅದು ಮಗನಿಗೂ ಅಂಟಿತು ಅಂದರೆ ಸುಮ್ಮನಿರುತ್ತಾಳೆಯೇ?

ತಗೋ ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಹಳೇ ಗಾಡಿ ಕೊಳ್ಳುವುದೆಂದರೆ ಹಿಂದಿನ ಯಜಮಾನರೆಲ್ಲ ನಾಳೆ ನೋಡೋಣ, ನಾಡಿದ್ದು ನೋಡೋಣ ಅಂತ ಮುಂದೂಡಿದ ಕೆಲಸವನ್ನು ನಾವು ದುಡ್ಡು ಕೊಟ್ಟು ಮನೆಗೆ ತರುವುದು. ಕೆಲಸ ಉಳಿದಿಲ್ಲದ ಹಳೇ ಜಿಪ್ಸಿ ಈ ಭೂಮಿ ಮೇಲಿಲ್ಲ. ಯಾವ ಕೆಲಸ ಉಳಿದಿದೆ, ಅದು ಮಾಡಿದರೆ ಮುಗಿಯುವಂಥದ್ದೋ ಅಥವಾ ಎಷ್ಟು ಮಾಡಿದರೂ ಮುಗಿಯದ್ದೋ, ಭಾನುವಾರ ಹೋಗಿ ನೀನು ಪತ್ತೆ ಮಾಡಬೇಕಾದ್ದು ಇಷ್ಟೇ.

ಜಿಪ್ಸಿ ಬಂದದ್ದು 1985ರ ಡಿಸೆಂಬರಿನಲ್ಲಿ. 970 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್, 45 ಕುದುರೆ ಶಕ್ತಿ, ನಾಲ್ಕೇ ಗೇರು. ಮಹೀಂದ್ರದ ಡೀಸೆಲ್ ಜೀಪಿನ ಗುಡುಗು ಕೇಳಿ ಬೆಳೆದ ನಮ್ಮ ಮೂಡಿಗೆರೆ ಕಡೆಯವರಿಗೆ ಇದರ ಸದ್ದು ಕೇಳಿ ನಗು ಬಂತು. ‘ಹೊಲಿಗೆ ಮೆಶಿನ್ನಿಗೆ ಚಕ್ರ ಹಾಕಿದ್ದಾರೆ’ ಅಂತ ನಮ್ಮಪ್ಪನೇ ಹೇಳಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಗು ನಿಂತಿತು. ಡೀಸೆಲ್ ಜೀಪು ತನ್ನ ಭಾರಕ್ಕೇ ಹೂತುಕೊಂಡು ಅಚ್ಚಿನ ತನಕ ಇಳಿದ ಗದ್ದೆ ಬದುವಿನಲ್ಲಿ ಇದು ಬೆಕ್ಕಿನ ಹಾಗೆ ದಾಟಿ ಹೋಗುತ್ತಿತ್ತು. ಗುಟ್ಟು ಎಂಜಿನ್ನಿನಲ್ಲಿ ಇರಲಿಲ್ಲ, ತೂಕದಲ್ಲಿತ್ತು. ಇಡೀ ಗಾಡಿ ಹೆಚ್ಚುಕಡಿಮೆ ಒಂದು ಟನ್ನು ಅಷ್ಟೇ. ನೆಲದಿಂದ 210 ಮಿಲಿಮೀಟರ್ ಎತ್ತರ, ಉದ್ದ ನಾಲ್ಕೇ ಮೀಟರ್. ಕಾಫಿ ಗಿಡದ ನಡುವಿನ ದಾರಿಯಲ್ಲಿ ತಿರುಗಿಸಿಕೊಳ್ಳುವುದಕ್ಕೆ ಅದಕ್ಕಿಂತ ದೊಡ್ಡದು ಬೇಕಾಗಿಯೂ ಇರಲಿಲ್ಲ. ಈ ತೂಕದ ಮಾತು ನೆನಪಿಟ್ಟುಕೋ, ಮುಂದೆ ಮತ್ತೆ ಬರುತ್ತದೆ.

1993ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿಸಿದರು. ಅದಕ್ಕೂ ಹಿಂದಿನವು ತಿರುವಿನಲ್ಲಿ ಹೆದರಿಸುತ್ತವೆ, ಅವನ್ನು ಅಂಥ ಗಾಡಿಯ ಮೇಲೆ ಪ್ರೀತಿ ಇದ್ದವರಿಗೆ ಬಿಡು. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು, 60 ಕುದುರೆ, ಐದು ಗೇರು. 2000ದಲ್ಲಿ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಆಯಿತು, ಹದಿನಾರು ವಾಲ್ವು, 80 ಕುದುರೆ. ಅದು ಎಸ್ಟೀಮ್ ಕಾರಿನ ಎಂಜಿನ್ನಿನ ಒಡಹುಟ್ಟು, ಹಾಗಾಗಿ ಅದರ ಸಾಮಾನು ಇನ್ನೂ ಕೈಗೆಟಕುತ್ತದೆ. ನೀನು ನೋಡಿರುವುದು 1998ರ ಕಿಂಗ್, ಅಂದರೆ ಕಾರ್ಬೊರೇಟರಿನದ್ದು. ನನ್ನನ್ನು ಕೇಳಿದರೆ ಬೆಂಗಳೂರಿನಲ್ಲಿ ಇಟ್ಟುಕೊಳ್ಳುವವನಿಗೆ 2000ದ ನಂತರದ್ದೇ ವಾಸಿ. ಕಾರ್ಬೊರೇಟರ್ ಬಿಚ್ಚಿ ತೊಳೆದು ಕೂರಿಸುವ ಕೈಗಳು ನಮ್ಮಲ್ಲಿ ವರ್ಷಕ್ಕೊಂದರಂತೆ ಕಮ್ಮಿಯಾಗುತ್ತಿವೆ. ನಿಮ್ಮ ವೈಟ್‌ಫೀಲ್ಡಿನಲ್ಲಿ ಆ ವಿದ್ಯೆ ಬಲ್ಲ ಹುಡುಗ ಸಿಕ್ಕಿದರೆ ಅವನಿಗೆ ನಿನ್ನ ಸಂಬಳ ಕೊಡಬೇಕಾಗಬಹುದು. ಆದರೂ ಗಾಡಿಯ ಅಡಿ ಚೆನ್ನಾಗಿದ್ದರೆ ಕಾರ್ಬೊರೇಟರಿಗೆ ಹೆದರಬೇಡ. ಅಡಿ ಹೋಗಿದ್ದರೆ ಎಂಪಿಎಫ್‌ಐ ಇದ್ದೂ ಪ್ರಯೋಜನವಿಲ್ಲ.

ಹೊಸ ಜಿಮ್ನಿ 2023ರಿಂದ ಅಂಗಡಿಯಲ್ಲಿದೆ, ಏಸಿ ಇದೆ, ಪವರ್ ಸ್ಟೇರಿಂಗ್ ಇದೆ, ಗಾಳಿಚೀಲ ಇದೆ. ಜಿಪ್ಸಿಯಲ್ಲಿ ಬೇಸಿಗೆಗೆ ಕಿಟಕಿ, ಸ್ಟೇರಿಂಗಿಗೆ ತೋಳಿನ ಬಲ. ಲೀಟರಿಗೆ ಎಂಟೊಂಬತ್ತು ಕಿಲೋಮೀಟರ್ ಕೊಟ್ಟರೆ ಪುಣ್ಯ. ಹೈವೇಯಲ್ಲಿ 80 ದಾಟಿದರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸದು. ಹಿಂದಿನ ಸೀಟಿನಲ್ಲಿ ನಿಮ್ಮಮ್ಮನನ್ನು ಕೂರಿಸಿ ಧರ್ಮಸ್ಥಳಕ್ಕೆ ಕರಕೊಂಡು ಹೋಗುತ್ತೇನೆ ಅಂತ ಕನಸಿದ್ದರೆ ಈಗಲೇ ಬಿಟ್ಟುಬಿಡು. ಇಷ್ಟೆಲ್ಲ ಗೊತ್ತಿದ್ದೂ ಬೇಕು ಅನ್ನಿಸಿದರೆ ಮಾತ್ರ ಮುಂದೆ ಓದು.

ನಿನ್ನ ಮುತ್ತಜ್ಜ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕೊಂಬಿಗೆ ಹಚ್ಚಿದ ಬಣ್ಣ, ಕಟ್ಟಿದ ಗೊಂಡೆ ಯಾವುದನ್ನೂ ನೋಡುತ್ತಿರಲಿಲ್ಲವಂತೆ. ಬಾಯಿ ಅಗಲಿಸಿ ಹಲ್ಲು, ಕಾಲೆತ್ತಿ ಗೊರಸು, ಆಮೇಲೆ ಹತ್ತು ಹೆಜ್ಜೆ ನಡೆಸಿ ಹಿಂದಿನಿಂದ ನಡೆ. ಟವೆಲಿನ ಕೆಳಗೆ ಬೆರಳು ಹಿಡಿಯುವ ವ್ಯಾಪಾರ ಅದೆಲ್ಲ ಮುಗಿದ ಮೇಲೆ. ನೀನು ಅದೇ ಕ್ರಮ ಇಟ್ಟುಕೋ. ಮೊದಲು ಅಡಿ, ಆಮೇಲೆ ಕಾಗದ, ಆಮೇಲೆ ನಡೆ, ಎಂಜಿನ್ ಕಟ್ಟಕಡೆಗೆ. ಎಲ್ಲರೂ ಎಂಜಿನ್ನಿನಿಂದ ಶುರು ಮಾಡುತ್ತಾರೆ, ಸ್ಟಾರ್ಟ್ ಮಾಡಿಸಿ ಸದ್ದು ಕೇಳಿ ತಲೆದೂಗುತ್ತಾರೆ. ಎಂಜಿನ್ ಹೋದರೆ ಬೋರ್ ಮಾಡಿಸಬಹುದು, ಬೇರೆ ಕೂರಿಸಬಹುದು. ಚಾಸಿ ಹೋದರೆ ಏನು ಮಾಡುತ್ತೀಯ?

ಹಳೇ ಬಟ್ಟೆ ಹಾಕಿಕೊಂಡು ಹೋಗು. ಒಂದು ಗೋಣಿಚೀಲ, ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ಒಂದು ಅಯಸ್ಕಾಂತ. ಗೋಣಿ ಹಾಸಿ ಬೆನ್ನ ಮೇಲೆ ಮಲಗಿ ಒಳಗೆ ಹೋಗು. ಜಿಪ್ಸಿಗೆ ಜಾಕ್ ಬೇಕಿಲ್ಲ, ನಿನ್ನಂಥ ಸಣಕಲ ಹಾಗೆಯೇ ನುಸುಳಬಹುದು. ಏಣಿಯ ಹಾಗೆ ಎರಡು ಉದ್ದ ತೊಲೆ, ನಡುವೆ ಅಡ್ಡ ತೊಲೆಗಳು ಕಾಣುತ್ತವೆ, ಅದೇ ಚಾಸಿ. ಸ್ಕ್ರೂಡ್ರೈವರಿನ ಹಿಡಿಯಿಂದ ಮುಂದಿನಿಂದ ಹಿಂದಿನವರೆಗೂ ತಟ್ಟುತ್ತಾ ಹೋಗು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತಿಂದುಹೋದದ್ದು ಹಣ್ಣಾದ ಹಲಸಿನಕಾಯಿ ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಹಲಸಿನ ಕಾಯಿಗೆ ಅದು ಶುಭ, ಚಾಸಿಗಲ್ಲ. ಸ್ಪ್ರಿಂಗ್ ಪ್ಲೇಟಿನ ಕಟ್ಟು ಚಾಸಿಗೆ ನೇತುಹಾಕಿರುವ ಕೊಂಡಿಗಳ ಬುಡ, ಹಿಂದಿನ ಅಚ್ಚಿನ ಆಚೆಯ ತುದಿ, ಬಾಡಿ ಬಂದು ಕೂರುವ ರಬ್ಬರುಗಳ ಸುತ್ತ, ಈ ಮೂರು ಕಡೆ ಟಾರ್ಚು ಹತ್ತಿರ ಹಿಡಿದು ನೋಡು. ಚಕ್ರ ಎರಚಿದ ಕೆಸರು ಅಲ್ಲೇ ಕೂತು, ಒಣಗಿ, ಮತ್ತೆ ನೆನೆದು ವರ್ಷಗಟ್ಟಲೆ ಕಬ್ಬಿಣ ತಿನ್ನುತ್ತದೆ. ಕೊಂಡಿಯ ಬುಡದಲ್ಲಿ ವೆಲ್ಡಿಂಗಿನ ಹೊಸ ಗುರುತು ಕಂಡರೆ ಎದ್ದು ಬಟ್ಟೆ ಕೊಡವಿಕೊಂಡು, ‘ಕಾಫಿ ಬೇಡ ಸಾರ್, ಇನ್ನೊಮ್ಮೆ ಬರ್ತೀನಿ’ ಅಂತ ಹೇಳಿ ಬಂದುಬಿಡು.

ಹೊಚ್ಚ ಹೊಸದಾಗಿ ಕಪ್ಪು ಬಳಿದ ಅಡಿಯಂತೂ ತುಕ್ಕಿಗಿಂತ ಅಪಾಯ. ತುಕ್ಕು ಕಣ್ಣಿಗೆ ಕಾಣುತ್ತದಲ್ಲ, ಅದು ಪ್ರಾಮಾಣಿಕ. ನಾನು 2006ರಲ್ಲಿ ಕೊಂಡ ಗಾಡಿಯ ಕಥೆ ನಿನಗೆ ಯಾರೂ ಹೇಳಿರಲಾರರು, ಹೇಳುವಂಥದ್ದೂ ಅಲ್ಲ. ಕರಾವಳಿಯಲ್ಲಿ ಹತ್ತು ವರ್ಷ ಇದ್ದ ಗಾಡಿ. ಉಪ್ಪು ತಿಂದ ಗಾಡಿ. ಅಡಿಯೆಲ್ಲ ಕರ್ರಗೆ ಮಿರಮಿರ ಮಿಂಚುತ್ತಿತ್ತು. ‘ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದ್ದೇನೆ, ಇನ್ನು ಹತ್ತು ವರ್ಷ ಯೋಚನೆ ಇಲ್ಲ’ ಅಂದ ಮಾರಿದವನು. ಮೂರನೇ ಮಳೆಗಾಲ, ಕೊಟ್ಟಿಗೆಹಾರದಿಂದ ವಾಪಸು ಬರುವಾಗ ಕಾಲಿಗೆ ತಣ್ಣಗೆ ಏನೋ ತಾಗಿತು. ಮಳೆ ಮೇಲಿನಿಂದ ಬರುವುದು ಗೊತ್ತು, ಕೆಳಗಿನಿಂದ ಬಂದದ್ದು ಅವತ್ತೇ ಮೊದಲು. ಮರುದಿನ ಟಿಂಕರಿಂಗಿನವನು ಮ್ಯಾಟು ಕಿತ್ತು, ಕಪ್ಪನ್ನು ಕೆರೆದ. ಅದರ ಕೆಳಗೆ ಎಂ-ಸೀಲ್. ಎಂ-ಸೀಲಿನ ಕೆಳಗೆ ದಿನಪತ್ರಿಕೆ. ಅಡಿಕೆ ಧಾರಣೆ ಇನ್ನೂ ಓದುವ ಹಾಗಿತ್ತು ಕಣೋ. ಪತ್ರಿಕೆಯ ಕೆಳಗೆ ರಸ್ತೆ. ಮೇಲೆ ಥಳಕು ಒಳಗೆ ಹುಳುಕು ಅನ್ನುವ ಗಾದೆ ಮಾಡಿದವನು ಹಳೇ ಗಾಡಿಯೊಂದನ್ನು ಕೊಂಡಿದ್ದಿರಬೇಕು.

ಅಯಸ್ಕಾಂತ ಬೇಕಾದ್ದು ಮೇಲ್ಮೈಗೆ. ಬಾಗಿಲಿನ ಕೆಳಗಿನ ಅಂಚು, ಮುಂದಿನ ಗಾಜಿನ ಚೌಕಟ್ಟಿನ ಬುಡ, ಹಿಂದಿನ ಚಕ್ರದ ಮೇಲಿನ ಕಮಾನು, ಅಲ್ಲಿ ಅದು ಹಿಡಿಯದೆ ಜಾರಿದರೆ ಒಳಗಿರುವುದು ಪುಟ್ಟಿ. ಬಾಡಿಯ ತಗಡು ಹೋಗಿದ್ದರೆ ಕಂಗಾಲಾಗಬೇಡ. ಅದನ್ನು ಕತ್ತರಿಸಿ ಹೊಸ ತಗಡು ಕೂರಿಸುವ ಟಿಂಕರಿಂಗಿನವರು ಇನ್ನೂ ಇದ್ದಾರೆ, ಬೆಲೆ ಇಳಿಸಿ ಕೇಳು ಅಷ್ಟೇ.

ಮೇಲೇಳುವ ಮೊದಲು ಇನ್ನೊಂದು ಕೆಲಸ. ಚಾಸಿ ನಂಬರು ಕೊರೆದ ಜಾಗ ಎಲ್ಲಿ ಅಂತ ಮಾರುವವನನ್ನೇ ಕೇಳಿ ತೋರಿಸಿಕೋ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬಿಳಿ ಕಾಗದ ಇಟ್ಟು ಮೇಲೆ ಪೆನ್ಸಿಲ್ ಆಡಿಸು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಮಾಡುತ್ತಿದ್ದೆಯಲ್ಲ, ಅದೇ. ಆರ್‌ಟಿಒ ಕಚೇರಿಯಲ್ಲೂ ಹಾಗೆಯೇ ಅಚ್ಚು ತೆಗೆಯುವುದು. ಅಂಕಿಗಳು ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ ಇರಬೇಕು. ಒಂದು ಅಂಕಿ ಕುಣಿದ ಹಾಗಿದ್ದರೆ, ಸುತ್ತ ಗ್ರೈಂಡರ್ ಆಡಿಸಿದ ಗೀರಿದ್ದರೆ, ಆ ಗಾಡಿ ಚಿನ್ನದ್ದಾದರೂ ಬೇಡ.

ಇನ್ನು ಕಾಗದ. ಹುಡುಗರಿಗೆ ಇದು ಬೇಜಾರಿನ ವಿಷಯ ಅಂತ ಗೊತ್ತು, ಆದರೆ ನನ್ನ ತಲೆಕೂದಲು ಹೆಚ್ಚು ಉದುರಿದ್ದು ಇಲ್ಲೇ. ‘ಪೇಪರ್ ಎಲ್ಲ ನಾನು ನೋಡ್ಕೊಳ್ತೀನಿ’ ಅಂದ ಏಜೆಂಟನೊಬ್ಬನ ಹಿಂದೆ ಏಳು ತಿಂಗಳು ತಿರುಗಿದ್ದೇನೆ. ಗಾಡಿ ನನ್ನ ಕಣದಲ್ಲಿ, ಹೆಸರು ಇನ್ನೊಬ್ಬರದ್ದು. ಆ ಏಳು ತಿಂಗಳಲ್ಲಿ ಯಾವನಾದರೂ ಅಡ್ಡ ಬಂದು ಬಿದ್ದಿದ್ದರೆ? ಅದಕ್ಕೆ ಹೇಳುವುದು, 29 ಮತ್ತು 30ನೇ ನಮೂನೆಗೆ ಸಹಿ ಬೀಳುವವರೆಗೂ ಪೂರ್ತಿ ದುಡ್ಡು ಕೈ ಬಿಡಬೇಡ. ಬೇರೆ ರಾಜ್ಯದ ಗಾಡಿಯಾದರೆ 28ನೇ ನಮೂನೆಯ ಎನ್‌ಒಸಿ ಮೊದಲು ಕೈಗೆ ಬರಲಿ. ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇದ್ದರೆ, ‘ಸಾಲ ತೀರಿ ಕಾಲ ಆಯ್ತು’ ಅನ್ನುವ ಬಾಯಿಮಾತು ಸಾಲದು. 35ನೇ ನಮೂನೆ, ಬ್ಯಾಂಕಿನ ಪತ್ರ ಎರಡೂ ಬೇಕು. ದಿಲ್ಲಿ ಕಡೆ ಪೆಟ್ರೋಲ್ ಗಾಡಿಗೆ 15 ವರ್ಷದ ಕಟ್ಟಳೆ ಬಂದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಇಳಿದ ಜಿಪ್ಸಿಗಳು ಬೇಕಾದಷ್ಟಿವೆ. ಅವುಗಳಿಗೆ ತುಕ್ಕು ಕಮ್ಮಿ ಅನ್ನುವುದು ನಿಜ. ಆದರೆ ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಿ ಕೆಎ ನಂಬರು ತರುವ ಓಡಾಟವನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕು.

1998ರ ಗಾಡಿಗೆ 2013ಕ್ಕೆ ಹದಿನೈದು ವರ್ಷ ತುಂಬಿತು. ಅಲ್ಲಿಂದ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು. ಅಂದರೆ 2018, 2023, ಇನ್ನು 2028. ಆರ್‌ಸಿಯಲ್ಲಿ 2028 ಅಂತ ಇದೆಯೋ ಇಲ್ಲವೋ ಮೊದಲು ನೋಡು. ಇಲ್ಲದಿದ್ದರೆ ಅದನ್ನು ಮಾಡಿಸಿ ಕೊಡುವುದು ಅವನ ಜವಾಬ್ದಾರಿ, ನಿನ್ನದಲ್ಲ. ಕಾರಿಗೆ 600 ರೂಪಾಯಿ ಇದ್ದ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 5,000 ಆಯಿತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯಿತು. ಹಸಿರು ತೆರಿಗೆ ಬೇರೆ. ಥರ್ಡ್ ಪಾರ್ಟಿ ವಿಮೆ ಒಂದು ದಿನವೂ ತಪ್ಪಬಾರದು.

ಮಿಲಿಟರಿ ಹರಾಜಿನಿಂದ ಬಂದ ಗಾಡಿ ಅಂತ ಹೇಳಿದರೆ ನಿನ್ನ ಎದೆ ಹಿಗ್ಗಬಹುದು. ಸೈನ್ಯ ಜಿಪ್ಸಿಯನ್ನು ದಶಕಗಟ್ಟಲೆ ದುಡಿಸಿದ್ದು ನಿಜವೇ. ಹರಾಜಿನ ಕಾಗದ, ಅದರ ಮೇಲೆ ಆದ ನೋಂದಣಿ ಎರಡನ್ನೂ ಕಣ್ಣಾರೆ ಕಾಣದೆ ನಂಬಬೇಡ. ಮತ್ತೆ, ಆ ಆಲಿವ್ ಹಸಿರು ಬಣ್ಣ ನಮಗಿಲ್ಲ. ರಕ್ಷಣಾ ಇಲಾಖೆಯ ಗಾಡಿಗಳನ್ನು ಬಿಟ್ಟು ಬೇರೆಯವರು ಅದನ್ನು ಬಳಿಯುವಂತಿಲ್ಲ ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮವೇ ಹೇಳುತ್ತದೆ. ಹಾಗೆಯೇ ಬಾನೆಟ್ ಎತ್ತಿದಾಗ ಡೀಸೆಲ್ ಎಂಜಿನ್ ಕಂಡರೂ ಹಿಂದೆ ಬಾ. ಮೈಲೇಜಿನ ಆಸೆಗೆ ಹಾಗೆ ಕೂರಿಸಿದವು ಸಾಕಷ್ಟಿವೆ. ಆರ್‌ಸಿಯಲ್ಲಿ ಪೆಟ್ರೋಲ್, ಹೊಟ್ಟೆಯಲ್ಲಿ ಡೀಸೆಲ್ ಆದರೆ ಅಪಘಾತವಾದ ದಿನ ವಿಮೆಯವರು ಮೊದಲು ಹಿಡಿಯುವುದು ಅದನ್ನೇ.

ಈಗ ನಡೆ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಜಿಪ್ಸಿಯ ಜಾತಕ ಇರುವುದು ಮುಂದಿನ ಅಚ್ಚಿನಲ್ಲಿ. ನೇರ ರಸ್ತೆಯಲ್ಲಿ ಐವತ್ತು ಅರವತ್ತರ ವೇಗದಲ್ಲಿ ಹೋಗುವಾಗ ಒಂದು ಗುಂಡಿ ಸಿಕ್ಕರೆ ತಪ್ಪಿಸಬೇಡ, ಇಳಿಸು. ಗಾಡಿ ಒಮ್ಮೆ ಕುಲುಕಿ ಸುಮ್ಮನಾದರೆ ಸರಿ. ಸ್ಟೇರಿಂಗ್ ಕೈಯೊಳಗೇ ಬಡಿದುಕೊಳ್ಳಲು ಶುರುವಾಗಿ, ಗಾಡಿಗೆ ಚಳಿಜ್ವರ ಬಂದ ಹಾಗೆ ನಡುಗಿ, ವೇಗ ಇಳಿಸುವವರೆಗೂ ನಿಲ್ಲದಿದ್ದರೆ ಅದನ್ನು ಗ್ಯಾರೇಜಿನವರು ವಾಬ್ಲಿಂಗ್ ಅನ್ನುತ್ತಾರೆ. ಮಾರುವವನು ‘ವೀಲ್ ಬ್ಯಾಲೆನ್ಸಿಂಗ್ ಸಾರ್, ನಾನೂರು ರೂಪಾಯಿ ಕೆಲಸ’ ಅನ್ನುತ್ತಾನೆ. ನೀನು ತಲೆ ಅಲ್ಲಾಡಿಸಿ ಗಾಡಿ ನಿಲ್ಲಿಸಿ, ಮುಂದಿನ ಅಚ್ಚಿಗೆ ಜಾಕ್ ಕೊಟ್ಟು ಚಕ್ರ ಎತ್ತಿಸು. ಚಕ್ರವನ್ನು ನೆತ್ತಿಯಲ್ಲೊಂದು ಕೈ, ಬುಡದಲ್ಲೊಂದು ಕೈ ಹಿಡಿದು ಅಲ್ಲಾಡಿಸು. ಕಟಕಟ ಅಂತ ಆಟ ಸಿಕ್ಕರೆ ಒಬ್ಬರನ್ನು ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸು. ಆಟ ಮಾಯವಾದರೆ ಅದು ವೀಲ್ ಬೇರಿಂಗು, ಸಣ್ಣ ಕೆಲಸ. ಬ್ರೇಕ್ ಒತ್ತಿದರೂ ಆಟ ಹಾಗೇ ಇದ್ದರೆ ಕಿಂಗ್‌ಪಿನ್ ಬೇರಿಂಗು. ಒಂದೊಂದು ಕಡೆಗೆ ಮೇಲೊಂದು ಕೆಳಗೊಂದು, ಒಟ್ಟು ನಾಲ್ಕು. ಅವುಗಳ ಹಿಂದೆ ಚೆಂಡಿನಂಥ ಗುಂಡು ಭಾಗಕ್ಕೆ ಒಂದು ಸೀಲು ಇರುತ್ತದೆ. ಅದು ಹರಿದು ಕೆಸರುನೀರು ಒಳಗೆ ಹೋಗಿ ಗ್ರೀಸು ತೊಳೆದುಹೋಗಿ ಬೇರಿಂಗು ತುಕ್ಕು ಹಿಡಿಯುವುದು ಮಲೆನಾಡಿನ ಗಾಡಿಗೆ ತೀರಾ ಮಾಮೂಲಿ. ಚಕ್ರದ ಒಳಬದಿಗೆ ಗ್ರೀಸು, ಎಣ್ಣೆ ಕಲಸಿದ ಕರಿ ಕೆಸರು ಮೆತ್ತಿಕೊಂಡಿದ್ದರೆ ಕಥೆ ಗೊತ್ತಾಯಿತು ಅಂತ ತಿಳಿ.

ಹೆದರಬೇಡ, ಇದು ಮುಗಿಯುವ ಕೆಲಸ. ಆದರೆ ಮಾಡುವವನು ಸಾವಧಾನಿಯಾಗಿರಬೇಕು. ಬೇರಿಂಗಿನ ಬಿಗಿಯನ್ನು ತೆಳ್ಳನೆ ತಗಡಿನ ಶಿಮ್ಮುಗಳಿಂದ ಹೊಂದಿಸಬೇಕು. ನಮ್ಮ ಮೇಸ್ತ್ರಿ ಶಿಮ್ ಒಂದನ್ನು ತೆಗೆದು, ಚಕ್ರದ ಗುಂಬವನ್ನು ಕೈಯಲ್ಲಿ ತಿರುಗಿಸಿ, ಮತ್ತೆ ಹಾಕಿ, ಮತ್ತೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಅರ್ಧ ಗಂಟೆ ಅದನ್ನೇ ಮಾಡುತ್ತಿದ್ದರು. ವೀಣೆಯ ಬಿರಡೆ ತಿರುಗಿಸುವವರ ಮುಖ ಹಾಗೆಯೇ ಇರುತ್ತದೆ. ಇದನ್ನು ಬಿಟ್ಟು ಸ್ಟೇರಿಂಗಿಗೆ ಒಂದು ಡ್ಯಾಂಪರ್ ಸಿಗಿಸಿ ನಡುಕ ನಿಲ್ಲಿಸುವ ಗ್ಯಾರೇಜುಗಳಿವೆ. ಅದು ಜ್ವರ ಬಂದವನಿಗೆ ಕಂಬಳಿ ಹೊದಿಸಿ ಕೂರಿಸಿದ ಹಾಗೆ.

ಫೋರ್ ವೀಲನ್ನು ಟಾರ್ ರಸ್ತೆಯಲ್ಲಿ ಹಾಕಿ ನೋಡಬೇಡ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ವ್ಯತ್ಯಾಸ ಹೀರಿಕೊಳ್ಳುವ ಡಿಫರೆನ್ಷಿಯಲ್ ಇದರಲ್ಲಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಹಿಂದಿನದ್ದು ಕಡಿಮೆ. ಹಿಡಿತವಿರುವ ಗಟ್ಟಿ ನೆಲದಲ್ಲಿ ಜಾರಲು ಜಾಗವಿಲ್ಲದೆ ಆ ತಿಕ್ಕಾಟವೆಲ್ಲ ಗೇರಿನ ಹಲ್ಲಿಗೆ ಬೀಳುತ್ತದೆ. ಮಣ್ಣುರಸ್ತೆ ಹುಡುಕು. ಮುಂದಿನ ಹಬ್ಬು ಕೈಯಲ್ಲಿ ತಿರುಗಿಸುವಂಥದ್ದಾದರೆ ಎರಡೂ ಕಡೆ ಇಳಿದು ಲಾಕ್ ಮಾಡಿ, ಚಿಕ್ಕ ಲಿವರನ್ನು ಎಳೆ. ಲೋ ಹಾಕುವುದು ನಿಂತ ಮೇಲೆಯೇ. ಲೋನಲ್ಲಿ ಒಂದು ಇಳಿಜಾರು ಇಳಿಸಿ ಕಾಲು ತೆಗೆ. ಲಿವರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ, ಇಲ್ಲವೇ ಅದನ್ನು ಚಾಸಿಗೆ ಹಿಡಿದಿರುವ ರಬ್ಬರುಗಳು ಹರಿದಿವೆ. ರಬ್ಬರಾದರೆ ಅದೃಷ್ಟ. ಜಿಪ್ಸಿಯಲ್ಲಿ ಗೇರ್‌ಬಾಕ್ಸು ಬೇರೆ, ಟ್ರಾನ್ಸ್‌ಫರ್ ಕೇಸ್ ಬೇರೆ. ನಡುವೆ ಒಂದು ಗಿಡ್ಡ ಪ್ರೊಪೆಲ್ಲರ್ ಶಾಫ್ಟು, ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು. ಮೂರು ಶಾಫ್ಟಿನ ಕ್ರಾಸುಗಳಲ್ಲಿ ಯಾವುದು ಸವೆದಿದ್ದರೂ ಕ್ಲಚ್ ಬಿಟ್ಟಾಗ ಟಕ್ ಅನ್ನುತ್ತದೆ.

ಡಿಫರೆನ್ಷಿಯಲ್ಲಿನ ಎಣ್ಣೆ ನೋಡದೆ ಬರಬೇಡ. ಮೇಲಿನ ಬಿರಡೆ ಬಿಚ್ಚಿಸಿ ಕಿರುಬೆರಳು ಹಾಕು. ಎಣ್ಣೆ ಕಂದಾಗಿರಲಿ, ಕಪ್ಪಾಗಿರಲಿ, ಚಿಂತೆಯಿಲ್ಲ. ಹಾಲು ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ. ದೂರದಿಂದ ಓಡಿ ಬಿಸಿಯಾದ ಗಾಡಿ ತಣ್ಣನೆಯ ಹಳ್ಳಕ್ಕಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರುಗೊಳವೆ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಹೀರಿಕೊಳ್ಳುತ್ತದೆ. ಹೇಮಾವತಿಯ ಮೇಲುಭಾಗದ ಹಳ್ಳವೊಂದನ್ನು ದಿನಾ ದಾಟುತ್ತಿದ್ದ ನನ್ನ ಗಾಡಿ ಕ್ರೌನ್ ಪಿನಿಯನ್ ಕಳಕೊಂಡದ್ದು ಹೀಗೆ. ಎರಡು ನಿಮಿಷ ದಡದಲ್ಲಿ ನಿಂತು ಆರಿಸಿಕೊಂಡು ಇಳಿದಿದ್ದರೆ ಆಗುತ್ತಿತ್ತು. ಆಗ ನನಗೆ ಎರಡು ನಿಮಿಷ ಇರಲಿಲ್ಲ. ಆಮೇಲೆ ಬಿಡಿಭಾಗಕ್ಕೆ ಕಾಯಲು ಎರಡು ತಿಂಗಳು ಇತ್ತು.

ಎಂಜಿನ್ನಿನ ಬಗ್ಗೆ ಮೂರೇ ಮಾತು. ನೀನು ಹೋದಾಗ ಅದು ತಣ್ಣಗಿರಬೇಕು. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಅವನು ಮೊದಲೇ ಸ್ಟಾರ್ಟ್ ಮಾಡಿ ಏನನ್ನೋ ಮುಚ್ಚಿಟ್ಟಿದ್ದಾನೆ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆ, ಬಚ್ಚಲ ಒಲೆಯ ಹಾಗೆ ಹೊಗೆ ಉಗುಳಿದರೆ ರಿಂಗು ಪಿಸ್ಟನ್ ಸವೆದಿವೆ. ರೇಡಿಯೇಟರಿನಲ್ಲಿ ಹಸಿರೋ ಕೆಂಪೋ ಕೂಲೆಂಟ್ ಬದಲು ತುಕ್ಕುನೀರಿದ್ದರೆ ಯಜಮಾನನ ಉಳಿದ ಅಭ್ಯಾಸಗಳೂ ಹಾಗೆಯೇ ಇರುತ್ತವೆ.

ಕೊಂಡೆ ಅಂತಿಟ್ಟುಕೋ. ಗಾಡಿಗೆ ಮೂರು ಭಾಗ ದುಡ್ಡು ಹಾಕಿದರೆ ಒಂದು ಭಾಗ ಕೈಯಲ್ಲಿರಲಿ, ಲೈಟಿಗಲ್ಲ, ಟಯರಿಗಲ್ಲ. ಮೊದಲ ತಿಂಗಳಲ್ಲೇ ಐದು ಕಡೆಯ ಎಣ್ಣೆ ಬದಲಾಗಬೇಕು: ಎಂಜಿನ್, ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್ಲು. ಟೈಮಿಂಗ್ ಬೆಲ್ಟು ಯಾವಾಗ ಹಾಕಿದ್ದು ಅಂತ ಬಿಲ್ಲು ತೋರಿಸದಿದ್ದರೆ ಹಾಕಿಲ್ಲ ಅಂತಲೇ ಲೆಕ್ಕ. ಬ್ರೇಕಿನ ಪೈಪು, ಹಿಂದಿನ ಡ್ರಮ್ಮಿನೊಳಗೆ ಆಕ್ಸಲ್ ಸೀಲಿನಿಂದ ಎಣ್ಣೆ ಇಳಿದಿದೆಯೋ ಅನ್ನುವುದು, ಇವು ನಾಳೆಗೆ ಬಿಡುವಂಥವಲ್ಲ. ಇನ್ನೊಂದು ಹೊಸ ತಲೆನೋವು ನಿಮ್ಮ ಕಾಲದ್ದು: ಈಗಿನ ಪೆಟ್ರೋಲಿನಲ್ಲಿ ಶೇಕಡ 20 ಎಥೆನಾಲ್. 1998ರ ರಬ್ಬರ್ ಪೈಪು, ಕಾರ್ಬೊರೇಟರಿನ ಡಯಾಫ್ರಮ್ಮು ಅದಕ್ಕಾಗಿ ಹುಟ್ಟಿದವಲ್ಲ. ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ಹೊಸ ಪೈಪಿಗೆ ಬದಲಿಸು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ನಿಲ್ಲಿಸಬೇಡ, ಎಥೆನಾಲ್ ನೀರು ಎಳೆದುಕೊಳ್ಳುತ್ತದೆ.

ಸಾಮಾನಿಗೆ ಜೆ.ಸಿ. ರೋಡಿಗೆ ಹೋಗುವಾಗ ಹಳೇ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡು ಹೋಗು. ‘ಜಿಪ್ಸಿದು’ ಅಂದರೆ ನಾಲ್ಕು ನಮೂನೆ ತೆಗೆದಿಡುತ್ತಾರೆ. 970ರದ್ದು ಒಂದು, ಕಿಂಗಿನದ್ದು ಒಂದು. ಬೇರಿಂಗು, ಸೀಲು, ಬ್ರೇಕಿನ ಭಾಗದಲ್ಲಿ ಚೌಕಾಸಿ ಮಾಡಿ ಡೂಪ್ಲಿಕೇಟ್ ತರಬೇಡ. ಬಾಗಿಲ ಹಿಡಿ, ಕನ್ನಡಿ, ಲೈಟಿನ ಗಾಜು ಗುಜರಿಯದ್ದಾದರೂ ನಡೆಯುತ್ತದೆ. ಒಬ್ಬನೇ ಮೆಕ್ಯಾನಿಕ್ಕನ್ನು ಹಿಡಿ, ಅವನು ಕೆಲಸ ಮಾಡುವಾಗ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರು, ಸ್ಪಾನರ್ ಕೇಳಿದಾಗ ಎತ್ತಿ ಕೊಡು, ಟೀ ತರಿಸು. ಹತ್ತು ಹನ್ನೆರಡು ಸಲ ಹೀಗೆ ಕೂತರೆ ಮುಂದೆ ಚಾರ್ಮಾಡಿಯ ನಡುವೆ ನಿಂತಾಗ ಸದ್ದು ಎಲ್ಲಿಂದ ಬಂತು ಅಂತ ನಿನಗೇ ತಿಳಿಯುತ್ತದೆ.

ಆ ದೊಡ್ಡ ಟಯರುಗಳನ್ನು ಮಾರಿಬಿಡು. ತೂಕದ ಮಾತು ನೆನಪಿಡು ಅಂದಿದ್ದೆನಲ್ಲ, ಇದಕ್ಕೇ. ಹಗುರವಾಗಿರುವುದೇ ಇದರ ಬಲ. ಅದಕ್ಕೆ ಕಬ್ಬಿಣದ ಬಂಪರು, ವಿಂಚು, ಮೇಲೆ ಕ್ಯಾರಿಯರು, ಅದರ ಮೇಲೊಂದು ಟೆಂಟು ಹೊರಿಸಿ ಅದೇ ಪುಟ್ಟ ಎಂಜಿನ್ನಿನಲ್ಲಿ ಎಳೆಸುವವರನ್ನು ನೋಡಿದರೆ ನನಗೆ ಕತ್ತೆ ನೆನಪಾಗುತ್ತದೆ. ದೊಡ್ಡ ಟಯರು ಹಾಕಿದ ದಿನವೇ ಗೇರಿನ ಲೆಕ್ಕ ತಪ್ಪುತ್ತದೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ, ನಾನು ಹೇಳಿದ ಆ ನಾಲ್ಕು ಬೇರಿಂಗಿನ ಆಯಸ್ಸು ಅರ್ಧವಾಗುತ್ತದೆ. ಕಂಪನಿ ಅಳತೆಯ 205/70 ಆರ್15 ನಾಲ್ಕೂ ಒಂದೇ ಥರದ್ದು ಹಾಕಿಸು, ಸಾಕು. ಕಂಪನಿಯ ರಚನೆ ಬದಲಿಸಿದ ಗಾಡಿಗಳ ವಿಚಾರದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಖಡಕ್ಕಾಗಿ ಹೇಳಿದೆ. ಕೋರ್ಟಿನ ಮಾತು ಕೇಳದಿದ್ದರೂ ನಿನ್ನ ಮಾವನ ಮಾತಾದರೂ ಕೇಳು.

ತಿಂಗಳಿಗೊಮ್ಮೆ ಮಣ್ಣುರಸ್ತೆ ಹುಡುಕಿ ನಾಲ್ಕೈದು ಕಿಲೋಮೀಟರ್ ಫೋರ್ ವೀಲ್ ಹಾಕಿ ಓಡಿಸು, ಮುಂದಿನ ಭಾಗಕ್ಕೆ ಎಣ್ಣೆ ಹತ್ತಲಿ. ವರ್ಷಪೂರ್ತಿ ಹಾಕದೆ ಇಟ್ಟು, ಕೊಡಚಾದ್ರಿ ಬುಡದಲ್ಲಿ ಎಳೆದಾಗ ಲಿವರು ಕಚ್ಚಿಕೊಂಡು ನಿಂತವರನ್ನು ನೋಡಿದ್ದೇನೆ. ಅಲ್ಲಿ ದಿನಾ ಹತ್ತಿ ಇಳಿಯುವ ಜೀಪಿನ ಹುಡುಗರು ಬಂದು ಎಳೆದು ಹಾಕುತ್ತಾರೆ, ನಕ್ಕು ಹಾಕುತ್ತಾರೆ. ಅಂದ ಹಾಗೆ ಅಲ್ಲಿಯದೋ ಮಾಂದಲಪಟ್ಟಿಯದೋ ಟ್ರಿಪ್ ಹೊಡೆದು ದಣಿದ ಗಾಡಿ ಯಾರಾದರೂ ಅಗ್ಗಕ್ಕೆ ತೋರಿಸಿದರೆ, ಡ್ರೈವರ್ ಹುಡುಗನ ಹತ್ತಿರ ದಾರಿಯಲ್ಲಿ ಓಡಿಸುವ ಕಸುಬು ಕಲಿ, ಗಾಡಿ ಮಾತ್ರ ಕೊಳ್ಳಬೇಡ. ಮಳೆಗಾಲ ಮುಗಿದ ಮೇಲೆ ಅಡಿಯನ್ನು ಒಮ್ಮೆ ಚೆನ್ನಾಗಿ ತೊಳೆಸಿ, ಒಣಗಿಸಿ, ಸ್ಪ್ರಿಂಗ್ ಪ್ಲೇಟಿನ ಸಂದಿಗೆ, ಚಾಸಿಯ ಒಳಗಿನ ಟೊಳ್ಳಿಗೆ ಎಣ್ಣೆ ಹೊಡೆಸು. ನಮ್ಮಲ್ಲಿ ಅದನ್ನು ಕಾಫಿ ಕೊಯ್ಲು ಶುರುವಾಗುವ ಮೊದಲು ಮಾಡುತ್ತೇವೆ, ಆಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಭಾನುವಾರ ಬೆಳಿಗ್ಗೆ ಅಂತ ಹೇಳಿದ್ದೀಯ. ಮಾರುವವನಿಗೆ ಹತ್ತು ಗಂಟೆ ಅಂತ ಹೇಳಿ ಎಂಟಕ್ಕೇ ಹೋಗೋಣ, ಎಂಜಿನ್ ತಣ್ಣಗಿರುವಾಗ ಸಿಕ್ಕಿಬೀಳಲಿ. ಹೌದು, ನಾನೂ ಬರುತ್ತಿದ್ದೇನೆ; ಶನಿವಾರ ರಾತ್ರಿಯ ಬಸ್ಸು ಹಿಡಿಯುತ್ತೇನೆ. ನಿಮ್ಮತ್ತೆಗೆ ಹಲ್ಲಿನ ಡಾಕ್ಟರನ್ನು ನೋಡಬೇಕು ಅಂತ ಹೇಳಿದ್ದೇನೆ, ಅವಳು ಫೋನ್ ಮಾಡಿದರೆ ನೀನೂ ಹಾಗೇ ಹೇಳು. ಗೋಣಿಚೀಲ ನಾನೇ ತರುತ್ತೇನೆ, ಕಾಫಿ ತುಂಬಿಸುವಂಥದ್ದು, ದಪ್ಪಗಿರುತ್ತದೆ. ನೀನು ಟಾರ್ಚಿಗೆ ಹೊಸ ಸೆಲ್ ಹಾಕಿಟ್ಟಿರು.